ಗುರುತು ಅಳಿಸಿಹೋದ ಎರಡು ಟ್ಯೂಬು

ಮನೆ ಬಾಗಿಲ ಫಲಕದ ಮೇಲೆ ಅವನಿಗೊಂದು ಹೆಸರಿತ್ತು; ಅಂಚೆಯವನು ಬಿಟ್ಟರೆ ಅದನ್ನು ಓದುವವರು ಯಾರೂ ಇರಲಿಲ್ಲ. ಉಳಿದವರಿಗೆಲ್ಲ ಅವನು ಕಿವಿಯಣ್ಣ. ಕಿವಿ ದೊಡ್ಡದು ಅಂತಲ್ಲ. ಅಷ್ಟೆತ್ತರದ ಆಳಿಗೆ ಅವು ಯಾರಿಂದಲೋ ಕೇಳಿ ತಂದು ಅಂಟಿಸಿದಂತೆ ಪುಟ್ಟದಾಗಿದ್ದವು. ಇಪ್ಪತ್ತಾರರ ವಯಸ್ಸಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಬಿಟ್ಟು ಹಾಡು ರೆಕಾರ್ಡು ಮಾಡುವ ಸ್ಟುಡಿಯೊ ಸೇರಿದ್ದ. ಮೊದಲ ತಿಂಗಳಲ್ಲೇ ಒಂದು ದಿನ, ಮೂವತ್ತು ಜನ ಒಟ್ಟಿಗೆ ನುಡಿಸುತ್ತಿದ್ದಾಗ, ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ, "ಎರಡನೇ ಸಾಲಲ್ಲಿ ಯಾರದೋ ಪಿಟೀಲಿಗೆ ಏನೋ ತಾಗ್ತಾ ಇದೆ" ಅಂದುಬಿಟ್ಟ. ನಿನ್ನೆ ಬಂದವನು ಇದೇನು ಹೇಳುತ್ತಾನೆ ಅಂತ ಹಿರಿಯರೆಲ್ಲ ಮುಖ ಸಿಂಡರಿಸಿದರು. ಹುಡುಕಿದರೆ ಒಬ್ಬರ ಅಂಗಿಯ ಸಡಿಲ ಗುಂಡಿ ಪಿಟೀಲಿನ ಮೈಗೆ ತಾಗಿ ನಡುಗುತ್ತಿತ್ತು. ಅವತ್ತು ಬಿದ್ದ ಹೆಸರು ಮೂವತ್ತಮೂರು ವರ್ಷ ಉಳಿಯಿತು.

ಆ ಸ್ಟುಡಿಯೊದಲ್ಲಿ ಹಾಡು ಮುಗಿದ ಮೇಲೆ ಯಾರೂ "ಚೆನ್ನಾಗಿ ಬಂತಾ?" ಅಂತ ಕೇಳುತ್ತಿರಲಿಲ್ಲ. "ಕಿವಿಯಣ್ಣ ಒಪ್ಪಿದ್ರಾ?" ಅಂತಲೇ ಕೇಳುತ್ತಿದ್ದುದು. ಒಪ್ಪಿದರು ಅಂದರೆ ಮುಗಿಯಿತು, ದೀಪ ಆರಿಸಿ ಮನೆಗೆ ಹೋಗಬಹುದು.

ಆ ಕಿವಿ ಕೈಕೊಟ್ಟು ಈಗ ಎರಡು ವರ್ಷ. ಕಿವಿ ಕೈಕೊಡುವುದು ಅಂದರೆ ಹೇಳಲಿಕ್ಕೆ ತಮಾಷೆಯಾಗಿದೆ; ಅನುಭವಿಸಿದವನಿಗೆ ತಮಾಷೆಯಲ್ಲ. ಪೂರ್ತಿ ಕಿವುಡೇನೂ ಆಗಿರಲಿಲ್ಲ. ಲಾರಿ ಕೇಳಿಸುತ್ತಿತ್ತು, ಬಾಗಿಲು ಬಡಿದದ್ದು ಕೇಳಿಸುತ್ತಿತ್ತು, ಹೆಂಡತಿ ಪಕ್ಕದ ಕೋಣೆಯಿಂದ ಬೈದದ್ದಂತೂ ಸೊಗಸಾಗಿ ಕೇಳಿಸುತ್ತಿತ್ತು. ಹೋದದ್ದು ಮೇಲಿನ ಸ್ಥಾಯಿಯ ಸದ್ದುಗಳು. ಕೆಟಲಿನ ಸಿಳ್ಳೆ, ಜ್ವರ ನೋಡುವ ಕಡ್ಡಿಯ ಬೀಪ್, ಬೀಗದ ಕೈ ಗೊಂಚಲಿನ ಕಿಣಿಕಿಣಿ. ಅದು ಮೊದಲು ಗೊತ್ತಾದದ್ದು ಒಂದು ಬೆಳಿಗ್ಗೆ. ಕೆಟಲು ಕೂಗಿ ಕೂಗಿ, ನೀರೆಲ್ಲ ಇಂಗಿ, ತಳ ಸುಟ್ಟು ಕರಕಲಾಗುವ ತನಕ ಅವನು ಅದರ ಪಕ್ಕದಲ್ಲೇ ಪತ್ರಿಕೆ ಓದುತ್ತ ಕೂತಿದ್ದ. ಮನೆಯಲ್ಲೇ ಕೂತು ಪರದೆ ಹೊಲಿಯುವ ಅವನ ಹೆಂಡತಿ ಯಂತ್ರ ಬಿಟ್ಟು ಓಡಿಬಂದಳು. ಕೆಟಲು ನೋಡಿದಳು, ಗಂಡನ ಮುಖ ನೋಡಿದಳು, ಏನೂ ಬೈಯಲಿಲ್ಲ. ಅವಳು ಬೈಯದೆ ಇದ್ದದ್ದಕ್ಕೇ ಅವನಿಗೆ ಹೆಚ್ಚು ಭಯವಾಯಿತು.

"ಡಾಕ್ಟರ ಹತ್ರ ಒಂದ್ಸಲ ತೋರಿಸ್ಕೊಂಡು ಬನ್ನಿ" ಅಂದಳು.

"ಶೀತ ಕಟ್ಟಿದೆ, ಅಷ್ಟೆ."

ಆ ಶೀತ ಎರಡು ವರ್ಷ ಇಳಿಯಲಿಲ್ಲ. "ಇಂಥ ಶೀತನ ನಾನು ಎಲ್ಲೂ ನೋಡಿಲ್ಲಪ್ಪ, ಸೀನೂ ಇಲ್ಲ, ಕೆಮ್ಮೂ ಇಲ್ಲ" ಅಂತ ಹೆಂಡತಿ ಆಗಾಗ ಚುಚ್ಚುತ್ತಿದ್ದಳು. ಅವನು ಅದನ್ನು ಕಿವಿಯ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ಡಾಕ್ಟರು ಒಂದು ಕಾಗದದ ಮೇಲೆ ಬರೆದುಕೊಟ್ಟರೆ ಅದು ನಿಜವಾಗಿಬಿಡುತ್ತದೆ. ನಿಜವಾದರೆ ಕಿವಿಯಣ್ಣ ಅನ್ನುವವನು ಇರುವುದಿಲ್ಲ. ಅವನಿಗಿದ್ದ ಹೆದರಿಕೆ ಇಷ್ಟೇ, ಆದರೆ ಎದ್ದರೆ ಕೂತರೆ ಅದೇ.

ಸ್ಟುಡಿಯೊದಲ್ಲಿ ಹೇಗೆ ಸುಧಾರಿಸುತ್ತಿದ್ದ ಅಂದರೆ, ಕಣ್ಣಿನಿಂದ. ಸದ್ದು ಅಳೆಯುವ ಮೀಟರಿನ ಮುಳ್ಳು ಎಲ್ಲಿಯ ತನಕ ಹಾರುತ್ತದೆ ನೋಡುತ್ತಿದ್ದ. ಪಕ್ಕದಲ್ಲಿ ಕೂತ ಯಜಮಾನನ ಹುಬ್ಬು ನೋಡುತ್ತಿದ್ದ. ಹುಬ್ಬು ಸ್ವಲ್ಪ ಗಂಟಿಕ್ಕಿದರೆ ಸಾಕು, ಗಾಜಿನ ಗೋಡೆಯ ಆಚೆಗಿರುವ ಹಾಡುಗಾರರಿಗೆ ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ತೋರಿಸುತ್ತಿದ್ದ: ಇನ್ನೊಂದು ಸಲ. ಅಂಗೈ ಎತ್ತಿ ಕೆಳಗಿಳಿಸಿದರೆ ಶುರು. ಹೆಬ್ಬೆರಳು ತೋರುಬೆರಳು ಕೂಡಿಸಿದರೆ ಒಪ್ಪಿಗೆ. ಗಾಜಿನ ಎರಡು ಬದಿಯವರು ಮೂವತ್ತು ವರ್ಷ ಮಾತಾಡಿಕೊಂಡದ್ದೆಲ್ಲ ಈ ಮೂರು ಸನ್ನೆಯಲ್ಲೇ. ಯಜಮಾನನೋ, ಮೊದಲಿದ್ದ ದೊಡ್ಡ ಯಜಮಾನರ ಮಗ. ಚಿಕ್ಕವನಿದ್ದಾಗ ಕಿವಿಯಣ್ಣನ ಹೆಡ್‌ಫೋನ್ ಹಾಕಿಕೊಂಡು ಅವನ ತೊಡೆಯ ಮೇಲೇ ನಿದ್ದೆ ಹೋಗುತ್ತಿದ್ದವನು. ಈಗ ನಲವತ್ತಾಗಿದ್ದರೂ ಕಿವಿಯಣ್ಣ ಹೇಳಿದ್ದೇ ಅವನಿಗೆ ಕೊನೆಯ ಮಾತು.

ಹೀಗಿರುವಾಗ ಅಕ್ಕ ಫೋನು ಮಾಡಿದಳು. ಅಕ್ಕ ಅಂದರೆ ಆ ಸ್ಟುಡಿಯೊದಲ್ಲಿ ಮೂವತ್ತು ವರ್ಷದಿಂದ ಹಾಡುತ್ತಿದ್ದ ಗಾಯಕಿ. ವಯಸ್ಸು ಅರವತ್ತೊಂದು. ಇಡೀ ಸ್ಟುಡಿಯೊಗೆ ಅಕ್ಕ, ತನಗಿಂತ ಹಿರಿಯರಿಗೂ ಅಕ್ಕ.

"ಆ ದೊಡ್ಡ ಮೈಕಿಗೆ ಏನೋ ಆಗಿದೆ" ಅಂದಳು ಯಜಮಾನನಿಗೆ. "ಎರಡು ತಿಂಗಳಿಂದ ನನ್ನ ಧ್ವನಿ ತಗಡು ಕೆರೆದಂಗೆ ಬರ್ತಿದೆ. ಅದರ ಟ್ಯೂಬ್ ಬದಲಾಯಿಸಿ. ಮೊದಲಿನ ಹಾಗೆ ಬೆಚ್ಚಗೆ ಬರಬೇಕು. ಅಲ್ಲೀವರೆಗೂ ನಾನು ಹಾಡಲ್ಲ."

ಟ್ಯೂಬು ಅಂದರೆ ಗೋಡೆಯ ಮೇಲೆ ಉರಿಯುವ ದೀಪದ್ದಲ್ಲ. ಹಳೆಯ ರೇಡಿಯೊಗಳ ಬೆನ್ನಲ್ಲಿ ಕೆಂಪಗೆ ಕಾಯುತ್ತಿದ್ದ ಗಾಜಿನ ಬುರುಡೆ ಇರುತ್ತಿತ್ತಲ್ಲ, ಅದರ ತಮ್ಮ, ಹೆಬ್ಬೆರಳಿನಷ್ಟುದ್ದ. ಆ ಮೈಕಿನ ಹೊಟ್ಟೆಯಲ್ಲಿ ಅಂಥದ್ದೊಂದು ಕೂತಿರುತ್ತದೆ. ಅದು ಒಳ್ಳೆಯದಾಗಿದ್ದರೆ ಧ್ವನಿಗೆ ಒಂದು ಮೈ ಬರುತ್ತದೆ, ಕಿವಿಗೆ ಹಿತವಾದ ಬಿಸುಪು ಬರುತ್ತದೆ. ಸೊರಗಿದರೆ ಎಂಥ ಧ್ವನಿಯೂ ತೆಳ್ಳಗಾಗುತ್ತದೆ. ಯಜಮಾನ ಎಲ್ಲೆಲ್ಲೋ ವಿಚಾರಿಸಿ, ನಲವತ್ತು ವರ್ಷದ ಹಿಂದೆ ತಯಾರಾಗಿ ಇನ್ನೂ ಪೆಟ್ಟಿಗೆ ಒಡೆಯದ ಒಂದು ಟ್ಯೂಬು ತರಿಸಿದ. ಹಳೆಯದೂ ಹೊಸದೂ ಒಂದೇ ಕಾರ್ಖಾನೆಯವು. ಆಕಾರ ಒಂದೇ, ಮೇಲೆ ಹಳದಿ ಅಕ್ಷರದಲ್ಲಿ ಅಚ್ಚಾದ ಸಂಖ್ಯೆಯಷ್ಟೇ ಬೇರೆ.

"ಎರಡನ್ನೂ ಹಾಕಿ ಕೇಳಿ ನೋಡಿ. ಯಾವುದು ಬೆಚ್ಚಗಿದೆಯೋ ಅದನ್ನ ಇಟ್ಬಿಡಿ" ಅಂದ ಯಜಮಾನ. "ನಿಮ್ಮ ಕಿವಿ ಏನು ಹೇಳತ್ತೋ ಅದೇ ಫೈನಲ್. ನಾಳೆ ಬೆಳಿಗ್ಗೆ ಅಕ್ಕ ಬರ್ತಾರೆ."

"ಆಯ್ತು, ಅದಕ್ಕೇನಂತೆ" ಅಂದ ಕಿವಿಯಣ್ಣ.

ಹೊಸ ಟ್ಯೂಬನ್ನು ಹಿಂದಿನ ಇಡೀ ದಿನ ಉರಿಸಿ ಹದ ಮಾಡಿದ್ದಾಗಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಕೆಲಸದ ಕೋಣೆಯ ಬಾಗಿಲು ಹಾಕಿ, ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದ. ಈ ಕೆಲಸಕ್ಕೆ ಅದರದೇ ಕಟ್ಟುನಿಟ್ಟು ಇದೆ. ಕರೆಂಟು ತೆಗೆದು ಹತ್ತು ನಿಮಿಷ ಸುಮ್ಮನೆ ಕೂರಬೇಕು, ಇಲ್ಲದಿದ್ದರೆ ಒಳಗೆ ಉಳಿದ ವಿದ್ಯುತ್ತು ಒದೆಯುತ್ತದೆ. ಮೈಕಿನ ತಲೆಯ ಜಾಲರಿ ಬಿಚ್ಚಿದ ಮೇಲೆ ಬಾಯಿ ತೆರೆಯುವಂತಿಲ್ಲ. ಒಳಗಿರುವ ಚಿನ್ನ ಲೇಪಿಸಿದ ಪೊರೆ ಕೂದಲಿಗಿಂತ ತೆಳು, ಒಂದು ಹನಿ ಉಗುಳು ಸಿಡಿದರೂ ಅದರ ಕತೆ ಮುಗಿಯಿತು. ಬರಿಗೈಯಿಂದ ಟ್ಯೂಬು ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಅಂಟಿದರೆ ಆಮೇಲೆ ಮೈಕು ಚಟಪಟ ಅನ್ನುತ್ತದೆ. ಹತ್ತಿಯ ಕೈಗವಸು ಹಾಕಿ, ಸ್ಪಿರಿಟ್ಟಿನ ಹತ್ತಿಯಿಂದ ಅದರ ತಳದ ತಂತಿಯ ಕಾಲುಗಳನ್ನಷ್ಟೇ ಒರೆಸಬೇಕು. ಕಾಲುಗಳನ್ನಷ್ಟೇ. ಈ ಮಾತನ್ನು ಅವನೇ ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದ.

ಮೈಕಿನ ಮುಂದೆ ಸ್ಪೀಕರು ಇಟ್ಟು, ಅಕ್ಕನ ಹಳೆಯ ಹಾಡೊಂದನ್ನು ಹಾಕಿದ. ಹಳೆಯ ಟ್ಯೂಬಿನಲ್ಲಿ ಒಂದು ಸಲ ರೆಕಾರ್ಡು ಮಾಡಿದ, ಹೊಸದರಲ್ಲಿ ಒಂದು ಸಲ. ಹೆಡ್‌ಫೋನ್ ಏರಿಸಿ ಕಣ್ಣುಮುಚ್ಚಿ ಕೇಳಿದ. ಎರಡೂ ಬೆಚ್ಚಗಿದ್ದವು. ಕಂಬಳಿ ಹೊದ್ದು ಹಾಡಿದಷ್ಟು ಬೆಚ್ಚಗೆ. ಈಗ ಅವನಿಗೆ ಪ್ರಪಂಚವೆಲ್ಲ ಹಾಗೇ ಕೇಳಿಸುತ್ತಿತ್ತು.

ಇನ್ನೊಂದು ಸಲ ಬದಲಾಯಿಸಿದ. ಮತ್ತೆ ಹತ್ತು ನಿಮಿಷ ಕಾದ, ಮತ್ತೆ ಒರೆಸಿದ, ಮತ್ತೆ ಕೇಳಿದ. ಏನೂ ವ್ಯತ್ಯಾಸವಿಲ್ಲ. ಅಂಗೈ ಬೆವರಿ ಕೈಗವಸು ಒದ್ದೆಯಾಯಿತು. ಬೆವರು ಗಾಜಿಗೆ ತಾಗಿತೇನೋ ಅಂತ ಗಾಬರಿಯಾಗಿ ಅದೇ ಸ್ಪಿರಿಟ್ಟಿನ ಹತ್ತಿಯಿಂದ ಟ್ಯೂಬನ್ನು ಅಡಿಯಿಂದ ಮುಡಿಯ ತನಕ ಒರೆಸಿದ. ಒಂದನ್ನು ಒರೆಸಿದ ಮೇಲೆ ಇನ್ನೊಂದನ್ನೂ ಒರೆಸಿದ. ಹೆದರಿದವನ ಕೈ ಏನಾದರೊಂದು ಮಾಡುತ್ತಲೇ ಇರಬೇಕು ನೋಡಿ, ಹಾಗೆ.

ಆಗಲೇ ಬಾಗಿಲು ತೆರೆಯಿತು. ತಟ್ಟಿದ್ದನೋ ಏನೋ, ಆ ಗಾಬರಿಯಲ್ಲಿ ಕಿವಿಯಣ್ಣನಿಗೆ ಕೇಳಿಸಿರಲಿಲ್ಲ. ಯಜಮಾನ ಎದುರಿಗೆ ಬಂದು ನಿಂತಾಗ ಬೆಚ್ಚಿಬಿದ್ದ. ಮೇಜು ಅಲುಗಿ ಎರಡೂ ಟ್ಯೂಬು ಬಟ್ಟೆಯ ಮೇಲೆ ಉರುಳಿದವು. ಅಂಚಿನಿಂದ ಬೀಳುವಷ್ಟರಲ್ಲಿ ಎರಡೂ ಕೈಯಿಂದ ತಡೆದ. ತಡೆದ ಮೇಲೆ ನೋಡಿದರೆ ಎರಡರ ಮೇಲೂ ಒಂದಕ್ಷರ ಇಲ್ಲ. ನಲವತ್ತು ವರ್ಷ ಉಳಿದಿದ್ದ ಹಳದಿ ಸಂಖ್ಯೆಗಳು ಹತ್ತಿಯ ಉಂಡೆಯಲ್ಲಿ ಹೋಗಿದ್ದವು. ಎರಡು ಖಾಲಿ ಗಾಜು, ಅವಳಿ ಮಕ್ಕಳ ಹಾಗೆ.

"ಹೇಗಿದೆ ಕಿವಿಯಣ್ಣ? ಯಾವುದು ಬೆಚ್ಚಗಿದೆ?"

ಜಾಲರಿ ಬಿಚ್ಚಿತ್ತು, ಮಾತಾಡುವಂತಿಲ್ಲ ಅನ್ನುವ ನೆಪ ಒಂದಿತ್ತು. ಅದಕ್ಕೇ ಬಾಯಿ ಬಿಡದೆ ಬಲಗೈಯದನ್ನು ಎತ್ತಿ ತೋರಿಸಿದ. ಯಜಮಾನ ನಕ್ಕು, ಹೆಬ್ಬೆರಳು ತೋರುಬೆರಳು ಕೂಡಿಸಿ ತೋರಿಸಿ ಹೋದ.

ಮೊದಲಾಗಿದ್ದರೆ ಕಿವಿಯಣ್ಣ ಹೆಡ್‌ಫೋನಿಟ್ಟು ಅರ್ಧ ಸಾಲು ಕೇಳಿ ಯಾವುದು ಯಾವುದೆಂದು ಹೇಳಿಬಿಡುತ್ತಿದ್ದ. ಟ್ಯೂಬು ಪರೀಕ್ಷಿಸುವ ಯಂತ್ರಕ್ಕೆ ಸಿಕ್ಕಿಸಿ ನೋಡಿದ. ಎರಡೂ ಸರಿಯಾಗಿವೆ ಅಂತ ಮುಳ್ಳು ಒಂದೇ ಜಾಗ ತೋರಿಸಿತು. ಕೊನೆಗೆ ಬಲಗೈಯದನ್ನೇ ಮೈಕಿಗೆ ಕೂರಿಸಿ, ಇನ್ನೊಂದನ್ನು ಪೆಟ್ಟಿಗೆಗೆ ಹಾಕಿದ.

ಮರುದಿನ ಬೆಳಿಗ್ಗೆ ಅಕ್ಕ ಬಂದಳು. ಕತ್ತಿನ ಸುತ್ತ ಶಾಲು. ಬಂದವಳು ಯಾವತ್ತಿನಂತೆ ಯಾರನ್ನೂ ರೇಗಿಸಲಿಲ್ಲ, ಯಾರ ಮನೆಯವರನ್ನೂ ವಿಚಾರಿಸಲಿಲ್ಲ, ನೇರವಾಗಿ ಮೈಕಿನ ಮುಂದೆ ಹೋಗಿ ನಿಂತಳು. ಗಾಜಿನ ಈಚೆ ಕಿವಿಯಣ್ಣ ಅಂಗೈ ಎತ್ತಿ ಇಳಿಸಿದ. ಅಕ್ಕ ನಾಲ್ಕು ಸಾಲು ಹಾಡಿ ನಿಲ್ಲಿಸಿದಳು. ಯಜಮಾನನ ಹುಬ್ಬು ನೋಡೋಣವೆಂದರೆ ಅವನು ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದ.

"ಹೇಗಿದೆ ಅಕ್ಕ?" ಯಜಮಾನ ಗುಂಡಿ ಒತ್ತಿ ಕೇಳಿದ.

"ಅವರು ಹೇಳಲಿ" ಅಂದಳು ಅಕ್ಕ.

"ನೀವು ಹಾಡಿದವರು, ನೀವೇ ಹೇಳಿ" ಅಂದ ಕಿವಿಯಣ್ಣ.

"ಕೇಳಿದವರು ನೀವಲ್ವಾ?"

"ಅದಲ್ಲ, ನಿಮಗೆ ಏನನ್ಸತ್ತೆ ಅಂತ..."

ಇಬ್ಬರೂ ಒಬ್ಬರನ್ನೊಬ್ಬರು ಮುಂದೆ ತಳ್ಳುವುದನ್ನು ನೋಡಿ ಯಜಮಾನ, "ಏನಪ್ಪಾ ಇದು, ಹೆಣ್ಣು ನೋಡೋಕೆ ಬಂದವರ ಥರ!" ಅಂದ. ಯಾರೂ ನಗಲಿಲ್ಲ. ಅಕ್ಕ ಶಾಲು ಸರಿಮಾಡಿಕೊಂಡು, "ನೀನು ಹೋಗಿ ಮೂರು ಟೀ ತಗೊಂಡು ಬಾ. ನೀನೇ ಹೋಗು" ಅಂದಳು. ಅವನು ಹೋದ ಮೇಲೆ ಗಾಜಿನ ಬಾಗಿಲು ತಳ್ಳಿಕೊಂಡು ಈಚೆಗೆ ಬಂದು ಕಿವಿಯಣ್ಣನ ಎದುರಿಗೆ ಕುರ್ಚಿ ಎಳೆದು ಕೂತಳು. ಮೂವತ್ತು ವರ್ಷದಲ್ಲಿ ಅವಳು ಅಷ್ಟು ಹತ್ತಿರ ಕೂತದ್ದು ಕಡಿಮೆ. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು.

"ಒಂದು ಮಾತು ಕೇಳ್ತೀನಿ, ಸುಳ್ಳು ಹೇಳ್ಬೇಡಿ" ಅಂದಳು. "ಕೆರೆತ ಇರೋದು ಮೈಕಲ್ಲಾ, ನನ್ನ ಗಂಟಲಲ್ಲಾ?"

ಕಿವಿಯಣ್ಣ ಮೇಜಿನ ಗುಂಡಿಗಳ ಕಡೆ ನೋಡಿದ.

"ಎರಡು ತಿಂಗಳಿಂದ ಹೀಗೆ. ಬೆಳಿಗ್ಗೆ ಎದ್ರೆ ಗಂಟಲಲ್ಲಿ ಏನೋ ಕೂತಂಗೆ. ಮನೇಲಿ ಡಾಕ್ಟರ ಹತ್ರ ಹೋಗು ಹೋಗು ಅಂತಾರೆ. ನಾನು, 'ಅದು ಟ್ಯೂಬಿಂದು, ಕಿವಿಯಣ್ಣ ಬದಲಾಯಿಸ್ತಾರೆ' ಅಂತ ಹೇಳ್ಕೊಂಡು ಬಂದೆ. ಭಯ ಕಣ್ರೀ. ಒಳಗೆ ಏನಿದೆಯೋ ಅಂತ ಭಯ. ನೀವು ಈಗ 'ಮೈಕಿಂದೇ ಆಗಿತ್ತು, ಸರಿಹೋಯ್ತು' ಅಂದ್ರೆ ನಾನು ಆರಾಮಾಗಿ ಮನೆಗೆ ಹೋಗ್ತೀನಿ. ನಿಮ್ಮ ಕಿವಿ ತಪ್ಪಲ್ಲ."

ಹೇಳುವುದು ಎಷ್ಟು ಸುಲಭವಿತ್ತು! ಸರಿಹೋಯ್ತು ಅಂದರೆ ಅವಳು ನಗುತ್ತಾಳೆ, ಯಜಮಾನ ಟೀ ತರುತ್ತಾನೆ, ಕಿವಿಯಣ್ಣ ಕಿವಿಯಣ್ಣನಾಗಿಯೇ ಉಳಿಯುತ್ತಾನೆ. ನಾಲಿಗೆಯ ತುದಿಗೆ ಬಂದೂ ಬಂದಿತ್ತು. ಆದರೆ ಅವಳ ಗಂಟಲಲ್ಲಿ ನಿಜವಾಗಿಯೂ ಏನಾದರೂ ಇದ್ದರೆ? ತನ್ನ ಒಂದು ಮಾತು ನಂಬಿ ಅವಳು ಇನ್ನೂ ಎರಡು ತಿಂಗಳು, ನಾಲ್ಕು ತಿಂಗಳು ಸುಮ್ಮನೆ ಕೂತುಬಿಟ್ಟರೆ? ಇಷ್ಟು ದಿನ ತನಗಾಗಿ ಹೆದರಿದ್ದ; ಇನ್ನೊಬ್ಬರಿಗಾಗಿ ಹೆದರುವುದು ಇನ್ನೂ ಕಷ್ಟ ಅಂತ ಅವತ್ತು ಗೊತ್ತಾಯಿತು.

"ನನಗೆ ಗೊತ್ತಿಲ್ಲ ಅಕ್ಕ" ಅಂದ.

"ಗೊತ್ತಿಲ್ಲ ಅಂದ್ರೆ?"

"ನನಗೆ ಕೇಳಿಸಲ್ಲ. ಆ ಕೆರೆತ ಇರೋ ಜಾಗದ ಸದ್ದು ನನಗೆ ಕೇಳಿಸಲ್ಲ. ಎರಡು ವರ್ಷ ಆಯ್ತು. ಈಗ ಮೈಕಲ್ಲಿರೋದು ಹೊಸ ಟ್ಯೂಬೋ ಹಳೇದೋ ಅದೂ ಗೊತ್ತಿಲ್ಲ. ಒರೆಸೋವಾಗ ಗುರುತು ಅಳಿಸಿಹೋಯ್ತು."

ಇಷ್ಟು ಹೇಳುವಷ್ಟರಲ್ಲಿ ಅವನಿಗೆ ಮಹಡಿ ಹತ್ತಿದಂತೆ ಏದುಸಿರು ಬಂತು. ಅಕ್ಕ ಬೈಯುತ್ತಾಳೆ ಅಂದುಕೊಂಡ. ಅವಳು ಬೈಯಲಿಲ್ಲ. ಬೆರಳು ಮಡಿಸಿ ಏನೋ ಲೆಕ್ಕ ಹಾಕಿ, ಮೆಲ್ಲಗೆ ಹೇಳಿದಳು: "ಎರಡು ವರ್ಷದಲ್ಲಿ ನಾನು ಎಪ್ಪತ್ತು ಹಾಡು ಹಾಡಿದೀನಿ. ಹಾಗಾದ್ರೆ ಅದನ್ನ ಯಾರೂ ಕೇಳ್ಲೇ ಇಲ್ಲ."

ಕಿವಿಯಣ್ಣ ತಲೆ ತಗ್ಗಿಸಿದ. ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಯಜಮಾನ ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಟ್ರೇ ಕೆಳಗಿಟ್ಟು, ಏನೂ ಕೇಳದೆ, ಹೆಡ್‌ಫೋನ್ ತೆಗೆದು ತನ್ನ ತಲೆಗೆ ಹಾಕಿಕೊಂಡ. "ಇನ್ನೊಂದು ಟ್ಯೂಬ್ ಹಾಕಿ" ಅಂದ. ಕಿವಿಯಣ್ಣ ಕರೆಂಟು ತೆಗೆದ. ಹತ್ತು ನಿಮಿಷ ಮೂವರೂ ಮೂರು ಕಡೆ ನೋಡುತ್ತ ಕೂತರು, ಟೀ ಆರಿತು. ಟ್ಯೂಬು ಬದಲಾಯಿಸಿ, ಕಾಯಲು ಬಿಟ್ಟು, ಅಕ್ಕ ಅದೇ ನಾಲ್ಕು ಸಾಲು ಮತ್ತೆ ಹಾಡಿದಳು.

ಯಜಮಾನ ಎರಡನ್ನೂ ಮೂರು ಮೂರು ಸಲ ಕೇಳಿದ. "ಎರಡನೇದು ಬೆಚ್ಚಗಿದೆ, ಅದೇ ಹೊಸದು ಇರ್ಬೇಕು" ಅಂದ. ಆಮೇಲೆ ಅಕ್ಕನ ಕಡೆ ನೋಡಲಾರದೆ ಮೇಜು ನೋಡುತ್ತ ಹೇಳಿದ: "ಆದ್ರೆ ಕೆರೆತ ಎರಡರಲ್ಲೂ ಇದೆ."

"ನಿನಗೆ ಮೊದಲೇ ಕೇಳಿಸಿತ್ತಾ?" ಅಕ್ಕ ಕೇಳಿದಳು.

"ಎರಡು ತಿಂಗಳಿಂದ ಕೇಳಿಸ್ತಿತ್ತು. ಕಿವಿಯಣ್ಣ ಏನೂ ಅನ್ನಲಿಲ್ಲ. ಅವರಿಗೇ ಕೇಳಿಸದೆ ಇರೋದು ನನಗೆ ಕೇಳಿಸತ್ತಾ, ನನ್ನ ಭ್ರಮೆ ಇರ್ಬೇಕು ಅಂದ್ಕೊಂಡೆ."

ಕಿವಿಯಣ್ಣ ಆ ಹೊತ್ತಿನಲ್ಲಿ ಹೆದರಿದಷ್ಟು ಜೀವನದಲ್ಲಿ ಎಂದೂ ಹೆದರಿರಲಿಲ್ಲ. ಹೋದದ್ದು ತನ್ನ ಕಿವಿಯಷ್ಟೇ ಅಂದುಕೊಂಡಿದ್ದ. ಎಲ್ಲರ ಕಿವಿಯ ಮೇಲೂ ತಾನೇ ಕೈ ಇಟ್ಟು ಕೂತಿದ್ದನಲ್ಲ!

ಅವತ್ತು ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಯಂತ್ರ ನಿಲ್ಲಿಸಿ, ಹಲ್ಲಲ್ಲಿ ದಾರ ಕಡಿದು, "ಅಂತೂ ಶೀತ ಇಳೀತು" ಅಂದಳು. ಅಂದವಳು ಹೊಲಿಯುತ್ತಿದ್ದ ಪರದೆಯಲ್ಲೇ ಕಣ್ಣೊರೆಸಿಕೊಂಡಳು.

ಕಿವಿಗೂ ಗಂಟಲಿಗೂ ಒಬ್ಬರೇ ಡಾಕ್ಟರು. ಎರಡು ದಿನದ ಮೇಲೆ ಅಕ್ಕನೂ ಕಿವಿಯಣ್ಣನೂ ಆಸ್ಪತ್ರೆಯ ಒಂದೇ ಬೆಂಚಿನ ಮೇಲೆ ಕೂತಿದ್ದರು. ಪರೀಕ್ಷೆ ಆಗುವ ತನಕ ಮಾತಾಡಬೇಡಿ ಅಂತ ಅಕ್ಕನಿಗೆ ಹೇಳಿದ್ದರು. ಒಬ್ಬರು ಮಾತಾಡುವಂತಿಲ್ಲ, ಇನ್ನೊಬ್ಬರಿಗೆ ಸರಿಯಾಗಿ ಕೇಳಿಸುವುದಿಲ್ಲ. ಬೇರೆ ದಿನವಾಗಿದ್ದರೆ ಅಕ್ಕ ಇದಕ್ಕೆ ಅರ್ಧ ಗಂಟೆ ನಗುತ್ತಿದ್ದಳು. ಕೆಲಸದ ಬಗ್ಗೆ ಯಜಮಾನ, "ಮೊದಲು ತೋರಿಸ್ಕೊಂಡು ಬನ್ನಿ, ಆಮೇಲೆ ನೋಡೋಣ" ಅಂದಿದ್ದ. ಆ ನೋಡೋಣದಲ್ಲಿ ಏನಿದೆಯೋ ಕಿವಿಯಣ್ಣನಿಗೆ ಗೊತ್ತಿರಲಿಲ್ಲ.

ಅಕ್ಕನ ಸರದಿ ಬಂತು. ಬಾಗಿಲ ಹತ್ತಿರ ಹೋದವಳು ತಿರುಗಿ ನೋಡಿದಳು. ಅವಳ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಏನು ಮಾಡಬೇಕೆಂದು ತೋಚದೆ ಕಿವಿಯಣ್ಣ ಅಂಗೈ ಎತ್ತಿ, ಕೆಳಗಿಳಿಸಿದ. ಅವಳು ತಲೆಯಾಡಿಸಿ ಒಳಗೆ ಹೋದಳು.

ಇಪ್ಪತ್ತು ನಿಮಿಷವಾದ ಮೇಲೆ ಹೊರಗೆ ಬಂದಾಗ ಅವಳ ಕೈಯಲ್ಲೊಂದು ಚೀಟಿ ಇತ್ತು. ಕಿವಿಯಣ್ಣ ಎದ್ದು ನಿಂತ. ಅಕ್ಕ ಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿದಳು: ಇನ್ನೊಂದು ಸಲ. ಗಂಟಲಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಮುಂದಿನ ವಾರ ಮತ್ತೆ ಬರಬೇಕು ಅಂತ ಚೀಟಿಯಲ್ಲಿ ಬರೆದಿತ್ತು. ಆಗ ಅಕ್ಕ ಅವನ ಮೊಣಕೈ ಮುಟ್ಟಿ ಬಾಗಿಲ ಕಡೆ ತೋರಿಸಿದಳು. ಆ ಗದ್ದಲದ ನಡುವೆ ಅವನನ್ನು ಕರೆಯುತ್ತಿದ್ದರಂತೆ, ಮೂರನೇ ಸಲ.

ಒಳಗೆ ಒಂದು ಪುಟ್ಟ ಕೋಣೆ. ಗೋಡೆಗೆಲ್ಲ ಮೆತ್ತೆ, ಎದುರಿಗೆ ದಪ್ಪ ಗಾಜು. ಇಡೀ ಜೀವಮಾನ ಅವನು ಗಾಜಿನ ಆಚೆ ಕೂತವನು. ಈ ಬದಿಯಲ್ಲಿ ಕೂತದ್ದು ಇದೇ ಮೊದಲು. ಪರೀಕ್ಷೆ ಮಾಡುವಾಕೆ ಅವನ ತಲೆಗೆ ಹೆಡ್‌ಫೋನ್ ಏರಿಸಿ, ಕೈಗೆ ಒಂದು ಗುಂಡಿ ಕೊಟ್ಟು, "ಸದ್ದು ಕೇಳಿಸಿದ ತಕ್ಷಣ ಒತ್ತಿ" ಅಂದು ಆಚೆ ಹೋಗಿ ಕೂತಳು.

ಮೊದಲನೆಯದು ಕೇಳಿಸಿತು, ಒತ್ತಿದ. ಎರಡನೆಯದೂ, ಮೂರನೆಯದೂ. ನಾಲ್ಕನೆಯದು ತುಂಬ ದೂರದಿಂದ ಬಂತು. ಆಮೇಲೆ ಏನೂ ಬರಲಿಲ್ಲ. ಆದರೆ ಬರುತ್ತಿದೆ ಅಂತ ಅವನಿಗೆ ಗೊತ್ತಿತ್ತು. ಗಾಜಿನ ಆಚೆ ಅವಳ ಕೈ ಯಂತ್ರದ ಮೇಲೆ ಹೋಗುವುದು, ಹುಬ್ಬು ತುಸು ಮೇಲೇರುವುದು, ಅವನ ಗುಂಡಿಯ ಕಡೆಗೆ ಅವಳು ಒಮ್ಮೆ ನೋಡುವುದು, ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ಕೈ ಆಡಿದಾಗ ಒತ್ತಿದರೆ ಆಯಿತು. ಎರಡು ವರ್ಷದ ಅಭ್ಯಾಸ. ಅವನ ಹೆಬ್ಬೆರಳು ತಾನಾಗಿಯೇ ಗುಂಡಿಯ ಮೇಲೆ ಹೋಗಿ ಕೂತಿತ್ತು.

ಕಿವಿಯಣ್ಣ ಕಣ್ಣು ಮುಚ್ಚಿಕೊಂಡ. ಕೇಳಿಸಲಿಲ್ಲ. ಒತ್ತಲಿಲ್ಲ.